ರಸ್ತೆ ದಾಟುವ ಮುನ್ನ: ಪಾದಚಾರಿಯ ಕಣ್ಣು, ಕಾಲು, ಬುದ್ಧಿ

ಆಯುರ್ವೇದವು ವ್ಯಾಧಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಿದೆ. ಶರೀರದೊಳಗಿನ ವಾತ, ಪಿತ್ತ, ಕಫಗಳ ವೈಷಮ್ಯದಿಂದ ಹುಟ್ಟುವಂಥವು ನಿಜ ವ್ಯಾಧಿಗಳು. ಪೆಟ್ಟು, ಬೆಂಕಿ, ವಿಷ ಮೊದಲಾದ ಹೊರಗಿನ ಕಾರಣಗಳಿಂದ ಒದಗುವಂಥವು ಆಗಂತು ವ್ಯಾಧಿಗಳು. ಮಧುಮೇಹ, ರಕ್ತದೊತ್ತಡ, ಸಂಧಿವಾತಗಳ ಬಗೆಗೆ ವೈದ್ಯರಾದ ನಾವು ಬಹಳಷ್ಟು ಬರೆಯುತ್ತೇವೆ. ಆಗಂತುಗಳ ಬಗೆಗೆ ಬರೆಯುವುದು ಕಡಿಮೆ. ಆದರೆ ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಮೃತಪಟ್ಟರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಅಂದರೆ ದಿನವೊಂದಕ್ಕೆ ಸರಾಸರಿ ತೊಂಬತ್ತು ಜನ, ಯಾವ ವಾಹನವನ್ನೂ ಏರದೆ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವರು, ಮನೆಗೆ ಮರಳಲಿಲ್ಲ.

ಈ ವಿಷಯವು ಆರೋಗ್ಯ ವಿಭಾಗಕ್ಕೆ ಸೇರಲು ಇನ್ನೊಂದು ಕಾರಣವೂ ಇದೆ. ನಡಿಗೆಯು ನಾವು ಅತಿ ಹೆಚ್ಚಾಗಿ ಹೇಳುವ ಔಷಧ. ಊಟದ ನಂತರ ನೂರು ಹೆಜ್ಜೆ ಹಾಕಬೇಕೆಂಬುದು ಹಿರಿಯರ ಮಾತು. ಮಧುಮೇಹಿಗೆ ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕೆಂಬುದು ಇಂದಿನ ವೈದ್ಯರೆಲ್ಲರ ಮಾತು. ಆದರೆ ನಮ್ಮ ಹಳ್ಳಿಗಳಲ್ಲಿ, ತಾಲ್ಲೂಕು ಪಟ್ಟಣಗಳಲ್ಲಿ ಉದ್ಯಾನಗಳು ಎಲ್ಲಿವೆ? ನಸುಕಿನ ಮಬ್ಬುಗತ್ತಲೆಯಲ್ಲಿ ಡಾಂಬರು ರಸ್ತೆಯ ಅಂಚೇ ಹೆಚ್ಚಿನವರ ವ್ಯಾಯಾಮಶಾಲೆ. ಔಷಧದ ಜೊತೆಗೆ ಪಥ್ಯವನ್ನು ಹೇಳುವುದು ವೈದ್ಯನ ಕರ್ತವ್ಯವಾದರೆ, ನಡೆಯಿರಿ ಎಂದು ಹೇಳುವಾಗ ಹೇಗೆ ನಡೆಯಬೇಕು ಎಂಬುದನ್ನೂ ಹೇಳಬೇಕಾಗುತ್ತದೆ.

ನಾಲ್ಕು ಮೊಳದ ನೋಟ

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ದಿನಚರ್ಯೆಯ ಅಧ್ಯಾಯವಿದೆ. ಹಲ್ಲುಜ್ಜುವುದು, ಅಭ್ಯಂಗ, ಸ್ನಾನಗಳ ಜೊತೆಗೆ ಹೊರಗೆ ಸಂಚರಿಸುವ ಕ್ರಮವನ್ನೂ ಅಲ್ಲಿ ಹೇಳಲಾಗಿದೆ. ಕೊಡೆ ಹಿಡಿದು, ಪಾದರಕ್ಷೆ ಧರಿಸಿ, ಒಂದು ನೊಗದ ಉದ್ದದಷ್ಟು, ಅಂದರೆ ಸುಮಾರು ನಾಲ್ಕು ಮೊಳದಷ್ಟು, ಮುಂದಿನ ನೆಲವನ್ನು ನೋಡುತ್ತ ನಡೆಯಬೇಕು. ರಾತ್ರಿಯ ವೇಳೆ ಅತ್ಯವಸರದ ಕಾರ್ಯವಿದ್ದರೆ ಮಾತ್ರ, ಕೋಲು ಹಿಡಿದು, ತಲೆಗೆ ರುಮಾಲು ಸುತ್ತಿ, ಜೊತೆಗೊಬ್ಬರನ್ನು ಕರೆದುಕೊಂಡು ಹೊರಡಬೇಕು ಎಂಬುದು ಅದರ ತಾತ್ಪರ್ಯ. ಮುಳ್ಳು, ಕಲ್ಲು, ಹಾವು, ಹಳ್ಳಗಳಿದ್ದ ದಾರಿಗೆ ನಾಲ್ಕು ಮೊಳದ ಎಚ್ಚರ ಸಾಕಾಗಿತ್ತು. ಅಂದು ದಾರಿಯಲ್ಲಿ ಎದುರಾಗುತ್ತಿದ್ದ ಎತ್ತಿನ ಗಾಡಿಯು ಮನುಷ್ಯನ ನಡಿಗೆಯ ವೇಗದಲ್ಲಿಯೇ ಸಾಗುತ್ತಿತ್ತು.

ದಾರಿ ಬದಲಾಗಿದೆ, ಕಣ್ಣು ಬದಲಾಗಿಲ್ಲ. ಇದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಎರಡು ವಾಹನಗಳು ಎದುರುಬದುರಾಗಿ ಹೋಗುವ ಸಾಮಾನ್ಯ ರಸ್ತೆಯ ಅಗಲ 7 ಮೀಟರ್. ಆರೋಗ್ಯವಂತ ವಯಸ್ಕನು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾನಾದ್ದರಿಂದ ಅದನ್ನು ದಾಟಲು ಅವನಿಗೆ 6 ಸೆಕೆಂಡು ಬೇಕು. ಮೊಣಕಾಲು ನೋವಿರುವ ಎಪ್ಪತ್ತರ ಅಜ್ಜಿಯ ನಡಿಗೆ ಸೆಕೆಂಡಿಗೆ 0.8 ಮೀಟರ್ ಎಂದಿಟ್ಟುಕೊಂಡರೆ ಆಕೆಗೆ ಸುಮಾರು 9 ಸೆಕೆಂಡು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಆ 9 ಸೆಕೆಂಡುಗಳಲ್ಲಿ 150 ಮೀಟರ್ ಕ್ರಮಿಸುತ್ತದೆ. 80ರ ವೇಗವಿದ್ದರೆ 200 ಮೀಟರ್. ನೂರು ಮೀಟರ್ ಆಚೆ ಕಾಣುವ ವಾಹನವನ್ನು ನೋಡಿ ‘ಇನ್ನೂ ದೂರ ಇದೆ’ ಎಂದು ಹೆಜ್ಜೆಯಿಡುವ ಅಜ್ಜಿ ರಸ್ತೆಯ ನಡುಭಾಗವನ್ನು ದಾಟಿ ಹೋಗುವಷ್ಟರಲ್ಲಿ ಅದು ಆಕೆಯ ಬಳಿ ಬಂದಿರುತ್ತದೆ.

ಇನ್ನು, ನಮ್ಮತ್ತ ನೇರವಾಗಿ ಬರುವ ವಸ್ತುವಿನ ವೇಗವನ್ನು ಅಳೆಯುವುದು ಕಣ್ಣಿಗೆ ಕಷ್ಟದ ಕೆಲಸ. ಅಡ್ಡಲಾಗಿ ಓಡುವ ವಾಹನದ ವೇಗವು ಥಟ್ಟನೆ ತಿಳಿಯುತ್ತದೆ. ಎದುರಿನಿಂದ ಬರುವ ವಾಹನದ ವೇಗವನ್ನು ಅದರ ಆಕಾರ ದೊಡ್ಡದಾಗುವುದರ ಮೇಲಿಂದ ಮಾತ್ರ ಊಹಿಸಬೇಕು. ದೂರದಲ್ಲಿದ್ದಾಗ ಆ ಹಿಗ್ಗುವಿಕೆ ಗಮನಕ್ಕೆ ಬಾರದಷ್ಟು ಕಡಿಮೆ. ಹತ್ತಿರ ಬಂದಾಗ ಒಮ್ಮೆಲೆ ಹೆಚ್ಚುತ್ತದೆ. ಆದಕಾರಣ ಹೆಚ್ಚಿನವರು, ಅದರಲ್ಲಿಯೂ ವೃದ್ಧರು ಮತ್ತು ಮಕ್ಕಳು, ವೇಗವನ್ನು ಬಿಟ್ಟು ದೂರವನ್ನಷ್ಟೇ ನೋಡಿ ನಿರ್ಧರಿಸುತ್ತಾರೆ. 40ರ ವೇಗದ ವಾಹನಕ್ಕೂ 80ರ ವೇಗದ ವಾಹನಕ್ಕೂ ಒಂದೇ ಅಂತರ ಸಾಕೆಂದು ಭಾವಿಸುತ್ತಾರೆ. ಚಿಕ್ಕ ಆಕಾರದ ದ್ವಿಚಕ್ರ ವಾಹನವು ಅದೇ ದೂರದಲ್ಲಿರುವ ಲಾರಿಗಿಂತ ತಡವಾಗಿ ತಲುಪುವುದೆಂದು ತೋರುವುದೂ ಇಂಥದೇ ಒಂದು ಭ್ರಮೆ. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಲ್ಲಿ ವೇಗವನ್ನು ಗ್ರಹಿಸುವ ಶಕ್ತಿಯು ಇನ್ನೂ ಪಕ್ವವಾಗಿರುವುದಿಲ್ಲ. ‘ನೋಡಿಕೊಂಡು ದಾಟು’ ಎಂದು ಹೇಳಿ ಆ ಮಗುವನ್ನು ಒಂಟಿಯಾಗಿ ಕಳುಹಿಸುವುದು ಮಗುವಿಗೆ ಇಲ್ಲದ ಸಾಮರ್ಥ್ಯವನ್ನು ಅದರ ಮೇಲೆ ಹೊರಿಸಿದಂತೆ.

ಪ್ರಜ್ಞಾಪರಾಧದ ಮೂರು ಮುಖಗಳು

ಪೆಟ್ಟು ಮೊದಲಾದವುಗಳಿಂದ ಒದಗುವ ಆಗಂತು ವ್ಯಾಧಿಗಳಲ್ಲಿ ಪ್ರಜ್ಞೆಯೇ ತಪ್ಪುತ್ತದೆ ಎಂದು ಚರಕಾಚಾರ್ಯರು ಹೇಳಿದ್ದಾರೆ. ಧೀ, ಧೃತಿ, ಸ್ಮೃತಿಗಳು ಭ್ರಂಶಗೊಂಡಾಗ ಮನುಷ್ಯನು ಮಾಡುವ ಅಹಿತ ಕರ್ಮವೇ ಪ್ರಜ್ಞಾಪರಾಧ. ಧೀ ಎಂದರೆ ಸರಿಯಾಗಿ ಅರಿಯುವ ಬುದ್ಧಿ; ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ; ಸ್ಮೃತಿ ಎಂದರೆ ತಿಳಿದುದನ್ನು ಬೇಕಾದ ಹೊತ್ತಿಗೆ ನೆನೆಯುವಿಕೆ. ಪಾದಚಾರಿಯ ವರ್ತನೆಯನ್ನು ಅರಿಯಲು ಈ ಮೂರು ಪದಗಳು ಇಂದಿಗೂ ಉಪಯುಕ್ತವಾಗಿವೆ.

ಮೇಲೆ ಹೇಳಿದ ವೇಗದ ತಪ್ಪು ಅಂದಾಜು ಧೀಭ್ರಂಶಕ್ಕೆ ಸೇರುತ್ತದೆ.

ಧೃತಿಭ್ರಂಶವನ್ನು ಯಾವ ಬಸ್ ನಿಲ್ದಾಣದ ಎದುರಿನಲ್ಲಿಯಾದರೂ ಕಾಣಬಹುದು. ರಸ್ತೆಯಂಚಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದಾಗ ಜನರ ತಾಳ್ಮೆ ತಪ್ಪಲಾರಂಭಿಸುತ್ತದೆಂದು ಸಂಚಾರ ತಜ್ಞರು ಗುರುತಿಸಿದ್ದಾರೆ. ಮೊದಲು ಬೇಡವೆಂದು ಬಿಟ್ಟ ಅಂತರವೇ ಆಮೇಲೆ ಸಾಕೆನಿಸುತ್ತದೆ. ಆಚೆ ಬದಿಯಲ್ಲಿ ಬಸ್ಸು ಹೊರಡಲು ಸಿದ್ಧವಾಗಿದ್ದರಂತೂ ಕಣ್ಣಿಗೆ ಅದೊಂದೇ ಕಾಣುತ್ತದೆ. ಒಬ್ಬರು ಧೈರ್ಯಮಾಡಿ ಇಳಿದರೆ ಹಿಂದಿನ ನಾಲ್ವರು ವಾಹನವನ್ನು ನೋಡದೆ ಮುಂದಿನವರ ಬೆನ್ನನ್ನು ನೋಡುತ್ತ ಹಿಂಬಾಲಿಸುತ್ತಾರೆ. ಮುಂದಿನ ತರುಣನಿಗೆ ಸಾಕಾದ ಅವಕಾಶವು ಕೊನೆಯಲ್ಲಿರುವ ಹಿರಿಯರಿಗೆ ಸಾಲುವುದಿಲ್ಲ. ಮಲಮೂತ್ರಾದಿ ವೇಗಗಳನ್ನು ತಡೆಯಬಾರದು, ಆದರೆ ಸಾಹಸದ ವೇಗವನ್ನು ತಡೆಯಲೇಬೇಕು ಎಂಬ ಶಾಸ್ತ್ರವಚನವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಸ್ಮೃತಿಭ್ರಂಶವು ಇಂದು ಕೈಯಲ್ಲಿರುವ ಮೊಬೈಲಿನ ರೂಪದಲ್ಲಿದೆ. ಮಾತನಾಡುತ್ತ ದಾಟುವವನ ಕಣ್ಣು ತೆರೆದಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಕಿವಿಯೂ ಇಲ್ಲದಂತಾಯಿತು. ಪರಿಚಯವೂ ಎಚ್ಚರವನ್ನು ಕದಿಯುತ್ತದೆ. ಮೂವತ್ತು ವರ್ಷಗಳಿಂದ ದಿನವೂ ದಾಟುವ ಊರ ಮುಂದಿನ ರಸ್ತೆಯನ್ನು ಜನರು ಅಂಗಳದಂತೆ ದಾಟುತ್ತಾರೆ. ಆ ರಸ್ತೆ ಈ ನಡುವೆ ಅಗಲವಾಗಿದೆ, ನುಣುಪಾಗಿದೆ, ಅದರ ಮೇಲಿನ ವಾಹನಗಳ ವೇಗ ಇಮ್ಮಡಿಯಾಗಿದೆ ಎಂಬುದು ಕಾಲಿಗೆ ತಿಳಿದಿರುವುದಿಲ್ಲ.

ವಯಸ್ಸು ತರುವ ಬದಲಾವಣೆ

ಶಾರ್ಙ್ಗಧರ ಸಂಹಿತೆಯು ಮನುಷ್ಯನು ಹತ್ತು ವರ್ಷಗಳಿಗೊಮ್ಮೆ ಯಾವುದಾದರೊಂದು ಗುಣವನ್ನು ಕಳೆದುಕೊಳ್ಳುತ್ತಾನೆಂದು ಹೇಳುತ್ತ, ಆರನೆಯ ದಶಕಕ್ಕೆ ದೃಷ್ಟಿಯನ್ನು ಹೇಳಿದೆ. ಆಧುನಿಕ ನೇತ್ರವಿಜ್ಞಾನವೂ ಇದಕ್ಕೆ ದೂರವಿಲ್ಲ. ಇಪ್ಪತ್ತರ ಹರೆಯದ ಕಣ್ಣಿನೊಳಗೆ ಸೇರುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗವಷ್ಟೇ ಅರವತ್ತರ ಕಣ್ಣಿನೊಳಗೆ ಸೇರುತ್ತದೆ. ಎದುರಿನ ದೀಪದ ಪ್ರಖರತೆಗೆ ಮಂಕಾದ ಕಣ್ಣು ಮತ್ತೆ ಚೇತರಿಸಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ. ಕಣ್ಣಿನ ಪೊರೆಯಿದ್ದರೆ ಬೆಳಕು ಚೆದುರಿ ವಾಹನದ ದೂರವೇ ತಿಳಿಯುವುದಿಲ್ಲ. ಎರಡು ಬಗೆಯ ಗಾಜುಗಳನ್ನು ಕೂಡಿಸಿದ ಕನ್ನಡಕದ ಕೆಳಭಾಗವು ಓದಲಿಕ್ಕೆ ಇರುವುದರಿಂದ, ಅದರ ಮೂಲಕ ನೋಡಿದಾಗ ಪಾದದ ಬಳಿಯ ಮೆಟ್ಟಿಲು ಮಸುಕಾಗಿ ಎಡವುವ ಸಂಭವವಿರುತ್ತದೆ.

ವೃದ್ಧಾಪ್ಯವು ವಾತಪ್ರಧಾನ ಕಾಲ. ಸಂಧಿಗಳು ಬಿಗಿಯುತ್ತವೆ, ಹೆಜ್ಜೆ ಕಿರಿದಾಗುತ್ತದೆ, ಕುತ್ತಿಗೆಯನ್ನು ಎರಡೂ ಬದಿಗೆ ಪೂರ್ತಿಯಾಗಿ ತಿರುಗಿಸಿ ನೋಡುವುದು ಕಷ್ಟವಾಗುತ್ತದೆ. ಬಿದ್ದುಬಿಟ್ಟೇನೆಂಬ ಭಯದಿಂದ ಹಿರಿಯರು ನೆಲವನ್ನೇ ನೋಡುತ್ತ ದಾಟುತ್ತಾರೆ. ಆಗ ವಾಹನದ ಕಡೆಗೆ ಲಕ್ಷ್ಯವಿರುವುದಿಲ್ಲ. ಕಿವಿ ಮಂದವಾಗುತ್ತದೆ. ಈಗ ಬಂದಿರುವ ವಿದ್ಯುತ್ ಸ್ಕೂಟರುಗಳ ಸದ್ದು ಚೆನ್ನಾಗಿ ಕೇಳುವ ಕಿವಿಗೂ ಬೀಳುವುದು ಕಡಿಮೆ.

ಔಷಧಗಳ ಪ್ರಭಾವವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ನೆಗಡಿ, ತುರಿಕೆಗಳಿಗೆ ಕೊಡುವ ಕೆಲವು ಮಾತ್ರೆಗಳು, ನಿದ್ರೆಯ ಮಾತ್ರೆಗಳು ಮರುದಿನ ಬೆಳಗಿನವರೆಗೂ ಮಂಪರು ತರಬಲ್ಲವು. ರಕ್ತದೊತ್ತಡದ ಕೆಲವು ಔಷಧಗಳಿಂದ ಕುಳಿತಲ್ಲಿಂದ ಥಟ್ಟನೆ ಎದ್ದಾಗ ತಲೆ ತಿರುಗುವುದುಂಟು. ಬಸ್ಸಿನಿಂದ ಇಳಿದ ಕೂಡಲೇ ರಸ್ತೆ ದಾಟುವವರು ಇದನ್ನು ನೆನಪಿಡಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ಸೇವಿಸಿ ಬರಿಹೊಟ್ಟೆಯಲ್ಲಿ ವಾಯುವಿಹಾರಕ್ಕೆ ಹೊರಡುವ ಮಧುಮೇಹಿಗೆ ನಡುದಾರಿಯಲ್ಲಿ ಬೆವರು, ನಡುಕ, ಗೊಂದಲ ಉಂಟಾಗಬಹುದು. ಬಹುಕಾಲದ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಡಾಂಬರು ಮುಗಿದು ಮಣ್ಣಿನ ಅಂಚು ಮೊದಲಾದುದೇ ತಿಳಿಯುವುದಿಲ್ಲ. ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು. ಇಂಥ ತೊಂದರೆಯಿದ್ದರೆ ಅದನ್ನು ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅಂಗಳದಲ್ಲಿ 7 ಮೀಟರ್, ಅಂದರೆ 23 ಅಡಿಗಳನ್ನು ಅಳೆದು ಎರಡು ಗೆರೆ ಎಳೆಯಿರಿ. ಎಂದಿನ ನಡಿಗೆಯಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಸೆಕೆಂಡು ಬೇಕೆಂಬುದನ್ನು ಮನೆಯವರು ಗಡಿಯಾರ ನೋಡಿ ಎಣಿಸಲಿ. ಎಂಟಕ್ಕಿಂತ ಹೆಚ್ಚಾದರೆ ವೇಗದ ವಾಹನಗಳಿರುವ ರಸ್ತೆಯನ್ನು ಒಂಟಿಯಾಗಿ ದಾಟದಿರುವುದೇ ಲೇಸು.

ಕತ್ತಲೆಯ ಭ್ರಮೆ

ಇರುಳಿನಲ್ಲಿ ಪಾದಚಾರಿಯನ್ನು ಮೋಸಗೊಳಿಸುವ ದೊಡ್ಡ ಭ್ರಮೆಯೊಂದಿದೆ. ವಾಹನದ ದೀಪ ನನಗೆ ಸ್ಪಷ್ಟವಾಗಿ ಕಾಣುತ್ತಿದೆ, ಆದ್ದರಿಂದ ಚಾಲಕನಿಗೂ ನಾನು ಕಾಣುತ್ತಿದ್ದೇನೆ ಎಂಬ ನಂಬಿಕೆ ಅದು. ವಾಸ್ತವ ಬೇರೆಯೇ. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ತೊಟ್ಟವರು ಚಾಲಕನಿಗೆ ಕಾಣುವುದು ಸುಮಾರು 25–30 ಮೀಟರ್ ಹತ್ತಿರ ಬಂದಾಗ. 60ರ ವೇಗದಲ್ಲಿರುವ ಕಾರಿನ ಚಾಲಕನು ನೋಡಿ, ತಿಳಿದು, ಬ್ರೇಕ್ ತುಳಿಯುವಷ್ಟರಲ್ಲಿಯೇ ಒಂದು ಸೆಕೆಂಡು, ಅಂದರೆ 17 ಮೀಟರ್ ಕಳೆದಿರುತ್ತದೆ. ಕಾರು ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. ತುಂಬಿದ ಲಾರಿಗೆ ಇನ್ನೂ ಹೆಚ್ಚು. ಚಾಲಕನು ಎಷ್ಟೇ ಒಳ್ಳೆಯವನಾಗಿರಲಿ, ನಿಲ್ಲಿಸಲು ಬೇಕಾದ ಸ್ಥಳವೇ ಅವನಿಗೆ ಇರುವುದಿಲ್ಲ. ಬಿಳಿಯ ಬಟ್ಟೆಯವರು ಇದರ ಇಮ್ಮಡಿ ದೂರದಿಂದ ಕಾಣುತ್ತಾರೆ. ಬೆಳಕನ್ನು ಪ್ರತಿಫಲಿಸುವ ಪಟ್ಟಿ ಧರಿಸಿದವರು ನೂರು ಮೀಟರಿಗಿಂತಲೂ ದೂರದಿಂದ ಕಾಣುತ್ತಾರೆ.

ಯುಗಾದಿಯ ಮುಂಚೆ ಶ್ರೀಶೈಲದ ಕಡೆಗೆ ಉತ್ತರ ಕರ್ನಾಟಕದಿಂದ ಪಾದಯಾತ್ರೆ ಹೊರಡುವ ಭಕ್ತರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು. ಬಿಸಿಲಿನ ತಾಪಕ್ಕೆ ಹೆದರಿ ಅವರು ಇರುಳಿನಲ್ಲಿ, ಬೆಳಗಿನ ಜಾವದಲ್ಲಿ ನಡೆಯುತ್ತಾರೆ, ನಿದ್ದೆಗೆಟ್ಟಿರುತ್ತಾರೆ, ಪಾದಗಳಲ್ಲಿ ಬೊಬ್ಬೆ ಎದ್ದಿರುವುದರಿಂದ ಮಣ್ಣಿನ ಅಂಚನ್ನು ಬಿಟ್ಟು ನುಣುಪಾದ ಡಾಂಬರಿನ ಮೇಲೆ ಬರುತ್ತಾರೆ. ತಂಡದ ಮೊದಲಿಗರೂ ಕೊನೆಯವರೂ ಪ್ರತಿಫಲಿಸುವ ಜಾಕೀಟು ಧರಿಸಿ ಕೈಯಲ್ಲಿ ದೀಪ ಹಿಡಿದಿರಬೇಕು. ಅಕ್ಕಪಕ್ಕ ಹರಟುತ್ತ ನಡೆಯದೆ ಒಬ್ಬರ ಹಿಂದೊಬ್ಬರು ಸಾಗಬೇಕು. ದಣಿವಾದಾಗ ರಸ್ತೆಯಂಚಿನಲ್ಲಿ ಮಲಗದೆ ಸಾಕಷ್ಟು ಒಳಗೆ ಸರಿದು ವಿಶ್ರಮಿಸಬೇಕು. ಕಬ್ಬಿನ ಹಂಗಾಮಿನ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಗುವ ಟ್ರ್ಯಾಕ್ಟರುಗಳಿಂದಲೂ ದೂರವಿರಬೇಕು. ಅವುಗಳ ಹಿಂದಿನ ಟ್ರೇಲರ್ ಹೊಯ್ದಾಡುತ್ತಿರುತ್ತದೆ, ಹಿಂಬದಿಯ ದೀಪವೂ ಹಲವೊಮ್ಮೆ ಇರುವುದಿಲ್ಲ.

ತಪ್ಪು ನಡೆಯುವವರದಷ್ಟೇ ಅಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಹೊಣೆಯೂ ಪಾದಚಾರಿಯದೆಂದು ತಿಳಿಯಬಾರದು. ಪ್ರಜ್ಞಾಪರಾಧವು ಚಾಲಕನಿಂದಲೂ ಆಗುತ್ತದೆ, ರಸ್ತೆಯನ್ನು ನಿರ್ಮಿಸಿದವರಿಂದಲೂ ಆಗುತ್ತದೆ. ರೋಗಿಯನ್ನು ಪರೀಕ್ಷಿಸುವಾಗ ದೇಶ, ಕಾಲಗಳನ್ನೂ ನೋಡಬೇಕೆಂದು ಶಾಸ್ತ್ರವು ವಿಧಿಸುವುದು ಈ ಕಾರಣಕ್ಕಾಗಿಯೇ.

ವೇಗವೇ ಇಲ್ಲಿ ಮುಖ್ಯ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಕಾರಿನ ವೇಗವು ಗಂಟೆಗೆ 50 ಕಿಲೋಮೀಟರಿನಿಂದ 65ಕ್ಕೆ ಏರಿದರೆ ಅದರ ಮುಂಭಾಗದ ಪೆಟ್ಟು ತಿಂದ ಪಾದಚಾರಿಯು ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ಚಾಲಕನು ಉಳಿಸಿಕೊಳ್ಳುವುದು ಒಂದೆರಡು ನಿಮಿಷ. ಅದರ ಬೆಲೆ ಇದು. ಪಟ್ಟೆಗೆರೆಯ ಬಳಿ ವೇಗ ತಗ್ಗಿಸಿ, ಅಗತ್ಯವಿದ್ದರೆ ನಿಂತು, ಪಾದಚಾರಿಗೆ ದಾರಿ ಬಿಡಬೇಕೆಂಬುದು 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿಯೇ ಇದೆ. ಅದು ಚಾಲಕನ ಔದಾರ್ಯವಲ್ಲ, ಕರ್ತವ್ಯ.

ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲವಿರಬೇಕು, ಅದರ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಪಟ್ಟಣಗಳಲ್ಲಿ ಕಾಣುವುದೇನು? ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಅಂಗಡಿಯ ಸಾಮಾನು, ನಿಲ್ಲಿಸಿದ ಬೈಕು, ವಿದ್ಯುತ್ ಪರಿವರ್ತಕ, ಕಳಚಿದ ಕಲ್ಲುಚಪ್ಪಡಿ. ಸಂಧಿವಾತದ ರೋಗಿ ಅದನ್ನು ಹತ್ತಿ ಇಳಿಯಲಾರದೆ ರಸ್ತೆಗೇ ಇಳಿಯುತ್ತಾನೆ. ಮೇಲ್ಸೇತುವೆ ಕಟ್ಟಿದರೂ ಜನ ಬಳಸುವುದಿಲ್ಲವೆಂಬ ದೂರಿದೆ. ನಲವತ್ತು ಐವತ್ತು ಮೆಟ್ಟಿಲು ಹತ್ತಬೇಕಾದ ಸೇತುವೆಯು ಮೊಣಕಾಲು ಸವೆದವರಿಗೆ ಇದ್ದೂ ಇಲ್ಲದಂತೆಯೇ. ನೇರ ದಾರಿಯನ್ನು ಅರಸುವುದು ದಣಿದ ಶರೀರದ ಸಹಜ ಸ್ವಭಾವ. ಆ ಸ್ವಭಾವವನ್ನರಿತು ರಸ್ತೆ ಕಟ್ಟುವುದು ವಿವೇಕ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಳಸಲು ಯೋಗ್ಯವಾದ ಪಾದಚಾರಿ ಮಾರ್ಗವು ಸಂವಿಧಾನದ 21ನೆಯ ವಿಧಿಯಡಿ ಜೀವಿಸುವ ಹಕ್ಕಿನ ಭಾಗವೆಂದು ಹೇಳಿದೆ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ದಾರಿದೀಪ, ಶಾಲೆಯೆದುರಿನ ವೇಗತಡೆ, ಬಸ್ ನಿಲ್ದಾಣದ ಬಳಿ ಪಟ್ಟೆಗೆರೆಗಳನ್ನು ಕೇಳುವಾಗ ಈ ಮಾತನ್ನು ಧೈರ್ಯವಾಗಿ ಉಲ್ಲೇಖಿಸಬಹುದು.

ಪಾಲಿಸತಕ್ಕ ನಿಯಮಗಳು

1. ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನ ವಾಹನಗಳನ್ನು ನೋಡುತ್ತ ನಡೆಯಬೇಕು. ‘ಎಡಕ್ಕೆ ಸಾಗಿರಿ’ ಎಂಬುದು ವಾಹನಗಳಿಗೆ ಹೇಳಿದ ನಿಯಮ.

2. ವಾಹನದ ವೇಗವನ್ನು ಊಹಿಸಲು ಹೋಗಬಾರದು. ರಸ್ತೆ ತೆರವಾಗುವವರೆಗೆ ಅಥವಾ ವಾಹನವು ನಿಂತಿತೆಂದು ಖಚಿತವಾಗುವವರೆಗೆ ಕಾಯಬೇಕು. ಚಾಲಕನ ಕಣ್ಣನ್ನು ಕಂಡ ಮೇಲೆಯೇ ಹೆಜ್ಜೆಯಿಡಬೇಕು.

3. ಬಸ್ಸಿನಿಂದ ಇಳಿದೊಡನೆ ಅದರ ಮುಂದಿನಿಂದ ದಾಟಬಾರದು. ಬಸ್ಸು ಹೊರಟುಹೋದ ಮೇಲೆ ಎರಡೂ ಕಡೆ ಕಂಡುಬಂದಾಗ ದಾಟಬೇಕು.

4. ವಿಭಜಕವಿರುವ ರಸ್ತೆಯನ್ನು ಎರಡು ಹಂತದಲ್ಲಿ ದಾಟಬೇಕು. ಒಂದೇ ದಿಕ್ಕಿನ ಸಂಚಾರವೆಂದು ನಂಬದೆ ಎರಡೂ ಕಡೆ ನೋಡಬೇಕು. ವಿರುದ್ಧ ದಿಕ್ಕಿನಿಂದ ಬರುವ ಬೈಕುಗಳು ಎಲ್ಲೆಡೆಯೂ ಇವೆ.

5. ಹತ್ತು ವರ್ಷದೊಳಗಿನ ಮಕ್ಕಳನ್ನು ಕೈ ಹಿಡಿದು, ವಾಹನ ಬರುವ ಬದಿಯಲ್ಲಿ ತಾವಿದ್ದು ದಾಟಿಸಬೇಕು.

6. ನಸುಕಿನ ವಾಯುವಿಹಾರಕ್ಕೆ ಬಿಳಿಯ ಬಟ್ಟೆ ಧರಿಸಿ, ಬೆಳಕು ಹರಿದ ಮೇಲೆ ಹೊರಡಬೇಕು. ಶಾಲೆಯ ಮೈದಾನ, ದೇವಾಲಯ ಅಥವಾ ಮಠದ ಪ್ರಾಂಗಣ ಹತ್ತಿರವಿದ್ದರೆ ಅಲ್ಲಿಯೇ ನಡೆಯುವುದು ಉತ್ತಮ.

7. ವರ್ಷಕ್ಕೊಮ್ಮೆ ಕಣ್ಣು, ಕಿವಿಗಳ ತಪಾಸಣೆ ಮಾಡಿಸಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಊರುಗೋಲು ಹಿಡಿಯಲು ಸಂಕೋಚ ಪಡಬಾರದು. ಅದು ಚಾಲಕನಿಗೂ ಒಂದು ಸಂಕೇತ.

ಪೆಟ್ಟು ಬಿದ್ದಾಗ

ಕೂಡಲೇ 108ಕ್ಕೆ ಕರೆ ಮಾಡಬೇಕು. ಗಾಯಾಳುವನ್ನು ಎತ್ತಿ ಕೂರಿಸುವುದು, ಕುತ್ತಿಗೆ ತಿರುಗಿಸುವುದು ಸಲ್ಲದು, ಬೆನ್ನುಹುರಿಗೆ ಹಾನಿಯಾಗಬಹುದು. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅರಿಸಿನ, ಕಾಫಿಪುಡಿ, ಸುಣ್ಣಗಳನ್ನು ತೆರೆದ ಗಾಯಕ್ಕೆ ತುಂಬಬಾರದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಒತ್ತಿ ಹೇಳುತ್ತೇನೆ. ತಲೆಗೆ ಪೆಟ್ಟು ಬಿದ್ದವರು ಮೇಲ್ನೋಟಕ್ಕೆ ಚೆನ್ನಾಗಿದ್ದರೂ, ಆಮೇಲೆ ವಾಂತಿ, ಹೆಚ್ಚುವ ತಲೆನೋವು, ಅತಿಯಾದ ಮಂಪರು, ತೊದಲು ಮಾತು ಕಂಡುಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರಿಯರು ಬಿದ್ದ ಮೇಲೆ ಎದ್ದು ನಿಲ್ಲಲಾರದಾದರೆ ತೊಡೆಯ ಮೂಳೆ ಮುರಿದಿರುವ ಸಂಭವವಿದೆ. ತಿಕ್ಕುವುದು, ಎಳೆಯುವುದು ಬೇಡ.

ಗಾಯಾಳುವಿಗೆ ನೆರವಾದರೆ ಪೊಲೀಸು, ಕೋರ್ಟುಗಳ ತೊಡಕೆಂದು ಹಿಂಜರಿಯುವ ಕಾರಣ ಇಂದು ಉಳಿದಿಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134-ಎ ಕಲಮು ಸದ್ಭಾವನೆಯಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ನೀಡಿದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರಕಾರವು 2025ರಲ್ಲಿ ಜಾರಿಗೆ ತಂದಿದೆ.

ರಸ್ತೆಯ ಭಯದಿಂದ ನಡಿಗೆಯನ್ನೇ ಬಿಟ್ಟು ಮನೆಯಲ್ಲಿ ಕುಳಿತರೆ ಮಧುಮೇಹ, ಸ್ಥೌಲ್ಯ, ಮನೋಮ್ಲಾನತೆಗಳು ಬಾಗಿಲಿಗೆ ಬರುತ್ತವೆ. ಆದ್ದರಿಂದ ನಡೆಯುವುದನ್ನು ನಿಲ್ಲಿಸುವುದು ಪರಿಹಾರವಲ್ಲ. ನಮ್ಮ ಕಣ್ಣು, ಕಾಲುಗಳ ಮಿತಿಯನ್ನು ಅರಿತು, ಒಂದು ನಿಮಿಷ ಹೆಚ್ಚು ಕಾಯ್ದು ದಾಟೋಣ. ವಾಹನ ನಡೆಸುವ ಮಕ್ಕಳು, ಮೊಮ್ಮಕ್ಕಳಿಗೂ ಈ ಬರಹವನ್ನು ಓದಿ ಹೇಳಿರಿ. ಅವರ ದಾರಿಯಲ್ಲಿ ದಾಟುವ ಅಜ್ಜಿಗೆ ಒಂಬತ್ತು ಸೆಕೆಂಡು ಬೇಕೆಂಬುದು ಅವರಿಗೂ ತಿಳಿದಿರಲಿ.